ನಮ್ಮತ್ತೆ ಕೂತು ಉಂಡದ್ದು

ನಮ್ಮತ್ತೆ ಮುನಿಗಂಗಮ್ಮ ಜಂಗಮಕೋಟೆಗೆ ಸೊಸೆಯಾಗಿ ಬಂದಾಗಿನಿಂದ ರೇಷ್ಮೆ ಹುಳು ಸಾಕುತ್ತಿದ್ದಾರೆ. ಅವರ ಹುಳು ಕೆಟ್ಟಿತು ಎಂದು ಊರಿನಲ್ಲಿ ಯಾರೂ ಆಡಿಲ್ಲ. ಆಡಿದ್ದರೆ ಅವರು ಸುಮ್ಮನೆ ಬಿಡುತ್ತಲೂ ಇರಲಿಲ್ಲ. ತಮ್ಮ ಕೈಗುಣದ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿಲ್ಲ. ನಾನು ಚಿಂತಾಮಣಿಯವಳು, ಶಿಡ್ಲಘಟ್ಟದ ಪ್ರೌಢಶಾಲೆಯಲ್ಲಿ ಟೀಚರ್. ದಿನವಿಡೀ ಮಕ್ಕಳನ್ನು ಗದರಿಸಿ ಮನೆಗೆ ಬಂದರೆ, ನನ್ನನ್ನು ಗದರಿಸಲು ಇವರು ಬಾಗಿಲಲ್ಲೇ ಇರುತ್ತಾರೆ.

ನಮ್ಮತ್ತೆ ಮನುಷ್ಯರ ಜೊತೆ ಕನ್ನಡದಲ್ಲಿ ಮಾತಾಡುತ್ತಾರೆ, ಅದೂ ಜೋರಾಗಿ. ಹುಳುಗಳ ಜೊತೆ ಮಾತ್ರ ತಮ್ಮ ತವರಿನ ತೆಲುಗು, ಅದೂ ಮೆತ್ತಗೆ. ತಟ್ಟೆಯ ಮೇಲೆ ಸೊಪ್ಪು ಹರಡುತ್ತಾ "ತಿನಂಡಮ್ಮಾ, ತಿನಂಡಿ" ಎನ್ನುವಾಗ ಆ ದನಿ ಕೇಳಿದರೆ ಯಾರಿಗಾದರೂ ಹಸಿವಾಗಬೇಕು. ಮದುವೆಯಾದ ಹೊಸದರಲ್ಲಿ ನನಗೆ ಹೊಟ್ಟೆಕಿಚ್ಚೇ ಆಗಿತ್ತು. ಅಂಥ ದನಿಯಲ್ಲಿ ನನ್ನನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ.

ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವಕ್ಕೆ ಹಗಲಿಲ್ಲ, ರಾತ್ರಿಯಿಲ್ಲ, ತಿನ್ನುವುದೊಂದೇ ಕೆಲಸ. ಆಗ ಮನೆಯೂ ಅವುಗಳದ್ದೇ. ಹುಳು ಮನೆಯ ಗೋಡೆಗೆ ಅಡುಗೆಮನೆ ಅಂಟಿಕೊಂಡಿರುವುದರಿಂದ ಘಾಟು ಬಡಿಯುತ್ತದೆಂದು ಒಗ್ಗರಣೆ ಬಂದ್. ಸಪ್ಪೆ ಸಾರು, ನಿನ್ನೆಯ ಅನ್ನ, ಅದೂ ಇಲ್ಲದಿದ್ದರೆ ಬೇಕರಿ ಬನ್ನು, ಟೀ. ಊಟ ಕೇಳಿದವರಿಗೆಲ್ಲ ಅತ್ತೆಯದು ಒಂದೇ ಉತ್ತರ: "ತಡೀರಿ, ಹುಳ ಕಾಯಲ್ಲ." ಅವರಂತೂ ನಿಂತೇ ತಿನ್ನುತ್ತಿದ್ದರು. ಒಂದು ಕೈಯಲ್ಲಿ ಸೊಪ್ಪಿನ ಕುಕ್ಕೆ, ಇನ್ನೊಂದರಲ್ಲಿ ಬನ್ನು.

ನನ್ನ ಮಗಳು ಸಂಘಮಿತ್ರ ಇದನ್ನೇ ನೋಡಿ ಬೆಳೆದಳು. ಕಾಲೇಜು ಮುಗಿಸಿದವಳು ಪೊಲೀಸ್ ಕಾನ್‌ಸ್ಟೇಬಲ್ ಆಗುತ್ತೇನೆಂದು ಹಟ ಹಿಡಿದಳು. ಬರೆಯುವ ಪರೀಕ್ಷೆ ಪಾಸಾಯಿತು, ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಆಮೇಲೆ ತಕ್ಕಡಿ ಹತ್ತಿಸಿದರು. ನಲವತ್ತೈದು ಕೆಜಿ ಇರಬೇಕಾಗಿತ್ತು, ಇವಳು ಇರಲಿಲ್ಲ. ಅವತ್ತು ಬೆಳಿಗ್ಗೆ ನಮ್ಮತ್ತೆ ತೂಕ ಬರಲೆಂದು ಅವಳಿಗೆ ಬಾಳೆಹಣ್ಣಿನ ಮೇಲೆ ಬಾಳೆಹಣ್ಣು ತುರುಕಿ, ಚೊಂಬಿನ ತುಂಬ ನೀರು ಕುಡಿಸಿ ಕಳಿಸಿದ್ದರು. ಓಟ ಮುಗಿದದ್ದೇ ತಡ, ಎಲ್ಲವೂ ವಾಂತಿಯಾಗಿ ಮೈದಾನದ ಪಾಲಾಯಿತು.

ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇನ್ನೊಂದೇ ನೇಮಕಾತಿ ಉಳಿದಿತ್ತು. ಈ ಸಲ ತಪ್ಪಿದರೆ ಖಾಕಿಯ ಆಸೆ ಅಲ್ಲಿಗೇ ಮುಗಿಯಿತು. ಅವಳು ಗೌರಿಬಿದನೂರಿನಲ್ಲಿ ತರಬೇತಿಗೆ ಹೋಗುತ್ತಿದ್ದಾಗ ಜೊತೆಯ ಹುಡುಗಿ ಹೇಳಿದಳೆಂದು ಒಂದು ಚೀಲ ತಂದಳು. ಅದರೊಳಗೆ ಚಿಯಾ ಬೀಜ, ನುಗ್ಗೆಸೊಪ್ಪಿನ ಪುಡಿಯ ಡಬ್ಬ, ಇನ್ನೂ ಏನೇನೋ. ಎಲ್ಲದರ ಮೇಲೂ ಸೂಪರ್‌ಫುಡ್ ಎಂದು ಬರೆದಿತ್ತು.

ಅತ್ತೆ ಚಿಯಾ ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರು. "ಇದು ಕಾಮಕಸ್ತೂರಿ ಬೀಜ ಕಣೇ. ಏನೋ ದೊಡ್ಡದು ಅಂತ ತಂದವ್ಳೆ!"

"ಅಲ್ಲ ಅಜ್ಜಿ, ಇದೇ ಬೇರೆ, ಅದೇ ಬೇರೆ."

"ನೀರಿಗೆ ಹಾಕಿದ್ರೆ ಊದ್ಕೊಳ್ಳಲ್ವಾ? ಹಂಗಾದ್ರೆ ಅದೇ."

ಅದು ಕಾಮಕಸ್ತೂರಿ ಅಲ್ಲವೆಂದು ನಾನೂ ಹೇಳಿದೆ. ಅವರು ಇವತ್ತಿಗೂ ಒಪ್ಪಿಲ್ಲ. ಆದರೆ ನುಗ್ಗೆಸೊಪ್ಪಿನ ಡಬ್ಬ ನೋಡಿ ಮಾತ್ರ ಅವರಿಗೆ ನಿಜಕ್ಕೂ ಅವಮಾನವಾಯಿತು. ಹಿತ್ತಿಲಲ್ಲಿ ಮರ ಇಟ್ಟುಕೊಂಡು ಮೊಮ್ಮಗಳು ಡಬ್ಬದಲ್ಲಿ ಸೊಪ್ಪು ತರುವುದೆಂದರೇನು? "ನಾಳೆಯಿಂದ ಊಟ ನಂದು. ತೂಕ ಹೆಂಗೆ ಬರಲ್ವೋ ನೋಡ್ತೀನಿ" ಎಂದು ಸೆರಗು ಸಿಕ್ಕಿಸಿದರು.

ಮಾತು ಕೊಟ್ಟ ಮೇಲೆ ಅವರು ಹಿಂದೆಗೆಯುವವರಲ್ಲ. ನಮ್ಮ ಹಿಪ್ಪುನೇರಳೆ ತೋಟಕ್ಕೆ ಔಷಧಿ ಹೊಡೆಯುವುದಿಲ್ಲ, ಹೊಡೆದರೆ ಹುಳು ಸಾಯುತ್ತದೆ. ಹಾಗಾಗಿ ಗಿಡದ ಸಾಲುಗಳ ನಡುವೆ ಅಣ್ಣೆ, ದಂಟು, ಗಣಿಕೆ ಎಲ್ಲ ಸೊಂಪಾಗಿ ಏಳುತ್ತವೆ. ಇಷ್ಟು ವರ್ಷ ಅದನ್ನು ಕಳೆ ಎಂದು ಕಿತ್ತು ಹಸುವಿಗೆ ಹಾಕುತ್ತಿದ್ದರು. ಈಗ ಬೆರಕೆ ಸೊಪ್ಪು ಮಡಿಲು ತುಂಬ ಬಂತು. ಹುರುಳಿಕಾಳಿನ ಜೊತೆ ಬೇಯಿಸಿ, ಕಟ್ಟು ಬಸಿದು, ಬಸ್ಸಾರು ಮಾಡಿದರು. ಹುಚ್ಚೆಳ್ಳಿನ ಚಟ್ನಿಪುಡಿ ಕುಟ್ಟಿದರು. ತಟ್ಟೆ ತುಂಬುವಂಥ ರಾಗಿಮುದ್ದೆ ಇಟ್ಟು ಎದುರಿಗೇ ಕಾವಲು ನಿಂತರು. ಕೈಯಲ್ಲಿ ಯಥಾಪ್ರಕಾರ ಬನ್ನು.

ಸಂಘಮಿತ್ರ ಅರ್ಧ ಮುದ್ದೆಗೇ ಸೋತಳು. ಚಿಕ್ಕಂದಿನಿಂದ ಬನ್ನಿಗೆ ಒಗ್ಗಿದ ಹೊಟ್ಟೆ, ಎಷ್ಟೆಂದು ಹಿಗ್ಗೀತು? ಅತ್ತೆ ಬೈದು ಇನ್ನಷ್ಟು ತಿನ್ನಿಸಿದರು. ಹೀಗೆ ವಾರವೆರಡು ಕಳೆಯುವಷ್ಟರಲ್ಲಿ ಹುಡುಗಿ ತಟ್ಟೆ ಕಂಡರೆ ಹೆದರುವಂತಾದಳು. ಶಿಡ್ಲಘಟ್ಟದಲ್ಲಿ ತೂಕ ನೋಡಿಸಿದರೆ ಮುಳ್ಳು ಇದ್ದಲ್ಲೇ ಇತ್ತು. ಅವತ್ತು ಸಂಜೆ ಅವಳು ತಟ್ಟೆ ದೂಡಿ ಎದ್ದೇಬಿಟ್ಟಳು.

"ಅಜ್ಜಿ, ಜ್ವರ ಎದ್ದ ಹುಳುಗೆ ಒಂದೇ ಸಲ ಒಂದು ಹೊರೆ ಸೊಪ್ಪು ಸುರೀತೀಯಾ?"

"ಯಾರಾದ್ರೂ ಸುರೀತಾರಾ? ಎಳೇದು ನೋಡಿ, ತೆಳ್ಳಗೆ ಹಾಕಿ, ತಿಂದಂಗೆಲ್ಲ ಮತ್ತೆ ಹಾಕ್ಬೇಕು. ಹೊತ್ತು ತಪ್ಪಬಾರ್ದು."

"ನಂಗ್ಯಾಕೆ ಹಂಗೆ ಹಾಕಲ್ಲ? ಇನ್ನೊಂದು ಮಾತು. ನೀನು ನಿಂತ್ಕೊಂಡು ಬನ್ನು ತಿಂತಾ ನನಗೆ ಮುದ್ದೆ ತಿನ್ನು ಅಂದ್ರೆ ಗಂಟಲಲ್ಲಿ ಇಳಿಯಲ್ಲ. ನೀನು ಕೂತ್ರೆ ನಾನೂ ಕೂರ್ತೀನಿ."

ನಮ್ಮತ್ತೆ ಕೈಯಲ್ಲಿದ್ದ ಬನ್ನನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ನಾನು ಈ ಮನೆಗೆ ಬಂದ ಮೇಲೆ ಅವರು ಇನ್ನೊಬ್ಬರ ಮಾತಿಗೆ ಮಣಿದದ್ದನ್ನು ನೋಡಿದ್ದು ಅದೇ ಮೊದಲು. ಖುಷಿಯಾಯಿತು, ಸುಳ್ಳೇಕೆ ಹೇಳಲಿ? ಆದರೆ ಮರುಗಳಿಗೆಯೇ ಆ ಅರ್ಧ ತಿಂದ ಬನ್ನು ನನ್ನ ಕಣ್ಣಿಗೆ ಬಿತ್ತು. ಹುಳುವಿಗೆ ಹೊತ್ತಿಗೆ ಸರಿಯಾಗಿ ಹಾಕಿದ ಆ ಕೈ ತನ್ನ ಹೊಟ್ಟೆಯನ್ನು ಒಂದು ದಿನವೂ ವಿಚಾರಿಸಿರಲಿಲ್ಲ.

ಮರುದಿನವೇ ಅತ್ತೆ ಮಗನಿಗೆ, ಅಂದರೆ ನನ್ನ ಗಂಡ ಮುನೇಶ್‌ಗೆ, ಅಪ್ಪಣೆ ಕೊಟ್ಟರು: "ಒಲೆ ಕೊಟ್ಟಿಗೆ ಆಚೆಗೆ ಹಾಕೋ. ಇನ್ಮೇಲೆ ಹುಳ ಇದ್ರೂ ಒಗ್ಗರಣೆ ಬೀಳ್ತೈತೆ." ಮುದ್ದೆ ಲಿಂಬೆಹಣ್ಣಿನ ಗಾತ್ರಕ್ಕೆ ಇಳಿಯಿತು, ಉಣ್ಣುವ ಹೊತ್ತುಗಳು ಹೆಚ್ಚಿದವು. ಬೆಳಿಗ್ಗೆ ಓಡಿ ಬಂದ ಕೂಡಲೇ ರಾಗಿ ಅಂಬಲಿ, ಅದರಲ್ಲೇ ಆ ಚಿಯಾ ಬೀಜ. ಅವರ ಲೆಕ್ಕದಲ್ಲಿ ಅದು ಕಾಮಕಸ್ತೂರಿಯೇ. ಆಮೇಲೆ ಮೊಟ್ಟೆ, ನೆನೆಸಿದ ಕಡಲೆಕಾಯಿ ಬೀಜ. ಮಧ್ಯಾಹ್ನ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ. ಸಂಜೆ ಉಪ್ಪು ಹಾಕಿ ಬೇಯಿಸಿದ ಅವರೆಕಾಳು. ಊಟದ ಬೆನ್ನಿಗೇ ಟೀ ಕುಡಿದರೆ ಸೊಪ್ಪಿನ ಸತ್ವ ಮೈಗೆ ಹತ್ತುವುದಿಲ್ಲವೆಂದು ಸಂಘಮಿತ್ರ ಓದಿ ಹೇಳಿದ್ದಕ್ಕೆ ಟೀಯನ್ನೂ ದೂರ ತಳ್ಳಿದರು. ಅದಕ್ಕೆ ಮಾತ್ರ ಮೂರು ದಿನ ತಲೆನೋವೆಂದು ಮನೆಯವರನ್ನೆಲ್ಲ ಗೋಳುಹೊಯ್ದುಕೊಂಡರು.

ಕೂರುವುದೇ ಅವರಿಗೆ ಕಷ್ಟವಾದದ್ದು. ತಟ್ಟೆ ಮುಂದಿಟ್ಟುಕೊಂಡರೂ ಕಿವಿ ಹುಳು ಮನೆಯ ಕಡೆಗೆ. ಎರಡು ತುತ್ತಿಗೊಮ್ಮೆ ಏಳಲು ಹೋಗುವುದು, ಮೊಮ್ಮಗಳೂ ಜೊತೆಗೇ ಏಳುವುದು, ಅವರು ಗೊಣಗಿಕೊಂಡು ಮತ್ತೆ ಕೂರುವುದು. ಹೀಗೇ ನಡೆಯಿತು.

ಬರೆಯುವ ಪರೀಕ್ಷೆ ಈ ಸಲವೂ ಪಾಸಾಗಿ, ದೇಹದಾರ್ಢ್ಯ ಪರೀಕ್ಷೆಯ ದಿನ ಬಂತು. ಸರಿಯಾಗಿ ಅದೇ ವಾರ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಅತ್ತೆ ಬರುವುದಿಲ್ಲವೆಂದೇ ನಾವು ಅಂದುಕೊಂಡಿದ್ದೆವು. ಬೆಳಿಗ್ಗೆ ನೋಡಿದರೆ ಊಟದ ಕ್ಯಾರಿಯರ್ ಹಿಡಿದು ನಮಗಿಂತ ಮೊದಲೇ ಬಸ್‌ಸ್ಟಾಪಿನಲ್ಲಿದ್ದಾರೆ.

ಚಿಕ್ಕಬಳ್ಳಾಪುರದ ಮೈದಾನದ ಗೇಟಿನ ಹೊರಗೆ ಹೊಂಗೆಮರದ ಕೆಳಗೆ ಕೂತೆವು. ನಾನು ಗೇಟಿನಿಂದ ಕಣ್ಣು ತೆಗೆಯಲಿಲ್ಲ. ಅತ್ತೆ ಮಾತ್ರ ಪಕ್ಕದಲ್ಲಿದ್ದ ಯಾರದೋ ತಾಯಿಗೆ ಬೆರಕೆ ಸೊಪ್ಪು ಆರಿಸುವುದನ್ನು ಹೇಳಿಕೊಡುತ್ತಿದ್ದರು. "ನಮ್ಮ ಹುಡುಗಿ ಆಗೇ ಆಗ್ತಾಳೆ, ನೋಡ್ತಿರಿ" ಎಂದೂ ಸೇರಿಸಿದರು.

ಬಿಸಿಲು ನೆತ್ತಿಗೆ ಬಂದ ಮೇಲೆ ಸಂಘಮಿತ್ರ ಹೊರಗೆ ಬಂದಳು. ಮುಖ ಕೆಂಪಾಗಿತ್ತು, ಕಣ್ಣು ತುಂಬಿತ್ತು.

"ಪಾಸು ಅಜ್ಜಿ. ನಲವತ್ತೇಳು ಬಂತು" ಎಂದು ಅವಳು ಅಜ್ಜಿಯ ಪಕ್ಕ ಕುಸಿದು ಕೂತಳು. "ಹಸಿವಾಗ್ತಿದೆ."

ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ಅಲ್ಲೇ ಅತ್ತುಬಿಟ್ಟೆ. ಅತ್ತೆ ನನ್ನನ್ನು ಗದರಿಸಿ ಕ್ಯಾರಿಯರ್ ಬಿಚ್ಚಿದರು. ಮೂವರಿಗೂ ಬಡಿಸಿ, ತಮ್ಮ ತಟ್ಟೆಯನ್ನೂ ಮುಂದಿಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತರು. ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಊರಿನಿಂದ ಮುನೇಶ್.

"ಅಮ್ಮಾ, ಪಾಸಾದ್ಲಾ?" ಅತ್ತೆ "ಹೂಂ" ಎಂದರು. "ಸರಿ, ಬೇಗ ಬನ್ರಿ. ಸೊಪ್ಪು ಹಾಕೋ ಹೊತ್ತಾಯ್ತು, ನಾನೊಬ್ನೇ ಇದೀನಿ."

"ಕೈಲಾದಷ್ಟು ಹಾಕ್ತಿರಪ್ಪಾ" ಎಂದರು ನಮ್ಮತ್ತೆ. "ಮಿಕ್ಕಿದ್ದು ಒಂದು ಗಳಿಗೆ ಕಾಯ್ತವೆ. ನಾವು ಉಣ್ತಾ ಇದೀವಿ."

ಫೋನನ್ನು ಸೆರಗಿನ ಕೆಳಗೆ ಸರಿಸಿ, ಒಂದು ತುತ್ತು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಮೊಮ್ಮಗಳ ಬಾಯಿಯ ಹತ್ತಿರ ಹಿಡಿದರು.

"ತಿನಮ್ಮಾ, ತಿನು" ಎಂದರು, ಮೆತ್ತಗೆ.