ಸಣ್ಣತಿಮ್ಮಯ್ಯನ ಮಾತಿನ ಪುಸ್ತಕ

ಅರಳಗುಪ್ಪೆಯ ಸುತ್ತಮುತ್ತ ಸಣ್ಣತಿಮ್ಮಯ್ಯನನ್ನು ತೆಂಗಿನಕಾಯಿ ಸುಲಿಯಲು ಕರೆಯದ ತೋಟವಿರಲಿಲ್ಲ. ನೆಲಕ್ಕೆ ನೆಟ್ಟ ಹಾರೆಯ ಮುಂದೆ ಅವನು ನಿಂತರೆ ಮೂರು ಹೊಡೆತಕ್ಕೆ ಮಟ್ಟೆ ಬೇರೆ, ಕಾಯಿ ಬೇರೆ. ಸುಲಿದದ್ದನ್ನು ರಾಶಿಗೆ ಎಸೆಯುತ್ತ ಎಣಿಕೆ ಕೂಗುವವನೂ ಅವನೇ. ಒಂದು ಎನ್ನುವ ಬದಲು ‘ಲಾಭ’ ಎಂದು ಎಳೆದು ಶುರು ಮಾಡಿದರೆ ಎರಡು ತೋಟದಾಚೆಗೆ ಕೇಳಿಸುತ್ತಿತ್ತು. ಯುಗಾದಿ ಕಳೆದ ಮೇಲೆ ಆ ದನಿ ಒಡೆಯತೊಡಗಿತು. ಮಟ್ಟೆಯ ಧೂಳು ಇರಬೇಕೆಂದು ಮೆಣಸು ಅಗಿದ, ಬಿಸಿನೀರು ಕುಡಿದ. ಕೊನೆಗೆ ಬೆಂಗಳೂರಿನ ಡಾಕ್ಟರು ಗಂಟಲಲ್ಲಿ ಗಂಟು ಕಂಡರು.

ಡಾಕ್ಟರು ಪೂರ್ತಿ ವಿಷಯ ಹೇಳಿದ್ದು ಅವನ ಮಗಳು ನಯನಳಿಗೆ ಮತ್ತು ಅವಳ ಸೋದರಮಾವ ಚಿಕ್ಕಣ್ಣನಿಗೆ. ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು, ಹಳೆಯ ದನಿ ತಿರುಗಿ ಬರುವುದಿಲ್ಲ, ಸೋಮವಾರ ಆಪರೇಷನ್ನಿಗೆ ಅವರು ಸಹಿ ಹಾಕುವ ಮೊದಲು ನೀವೇ ತಿಳಿಸಿ ಎಂದಿದ್ದರು. ಚಿಕ್ಕಣ್ಣನ ಬಾಯಿಗೆ ಅದು ಬರಲಿಲ್ಲ. ಬಸ್ಸಿನಲ್ಲಿ ಭಾವನ ಹೆಗಲು ತಟ್ಟಿ, ಹದಿನೈದು ದಿನಕ್ಕೆಲ್ಲ ಮೊದಲಿನಂತೆ ಕೂಗುತ್ತೀಯ ಎಂದುಬಿಟ್ಟ. ಪಕ್ಕದಲ್ಲಿದ್ದ ನಯನ ಕಿಟಕಿಯ ಕಡೆ ತಿರುಗಿ ಕೂತಳು.

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟ ನಯನ ಕಿಬ್ಬನಹಳ್ಳಿ ಕ್ರಾಸಿನ ಫೋಟೊ ಅಂಗಡಿಯಲ್ಲಿ ಮದುವೆ ಆಲ್ಬಂ ಜೋಡಿಸುತ್ತಾಳೆ. ಗಿರಾಕಿಗಳ ಮುಖ ನೋಡಿ ಮಾತಾಡಲು ಅವಳಿಗೆ ಆಗದು. ಆದರೆ ಅವಳು ಕೂರಿಸಿದ ಫೋಟೊ ಕೂದಲೆಳೆಯಷ್ಟೂ ಓರೆಯಾಗುವುದಿಲ್ಲ. ಆ ವಾರ ಅವಳು ಅಪ್ಪನಿಗೊಂದು ಪುಸ್ತಕ ಮಾಡಿದಳು. ನೀರಿನ ಚೊಂಬು, ತಟ್ಟೆ, ಹಸು, ಅವ್ವ ಭೈರಮ್ಮ, ಹೀಗೆ ಪುಟಕ್ಕೊಂದು ಫೋಟೊ, ಅದರ ಕೆಳಗೆ ಕ್ಯೂಆರ್ ಕೋಡು. ಮೊಬೈಲು ಹಿಡಿದರೆ ಅಪ್ಪನ ದನಿಯಲ್ಲೇ ಆ ಮಾತು ಬರಬೇಕು.

ಕೇಳಿದರೆ ಗುಟ್ಟು ತಿಳಿಯುತ್ತದೆಂದು ಹೆದರಿ, ಅಪ್ಪ ಕೆಲಸ ಮಾಡುವ ಕಡೆ ಮೂಟೆಗಳ ಸಂದಿಯಲ್ಲಿ ಮೊಬೈಲು ಇಟ್ಟು ಮೂರು ದಿನ ರೆಕಾರ್ಡ್ ಮಾಡಿದಳು. ಅಂಗಡಿಯಲ್ಲಿ ಅದನ್ನು ಹಾಕಿ ಕೇಳಿದಳು. ಇದ್ದುದೆಲ್ಲ ಮಟ್ಟೆ ಸಿಗಿಯುವ ಸದ್ದು. ಅಪ್ಪನ ದನಿ ಬಾವಿಯ ತಳದಿಂದ ಬಂದಂತೆ ಅಲ್ಲೊಂದು ಇಲ್ಲೊಂದು. ಮನೆಯಲ್ಲಂತೂ ನೋವಿಗೆ ಅವನು ಮಾತೇ ಆಡುತ್ತಿರಲಿಲ್ಲ. ಉಳಿದದ್ದು ಭಾನುವಾರ ಒಂದೇ.

ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಕೂತಿದ್ದ ಅಪ್ಪನ ತೊಡೆಯ ಮೇಲೆ ಪುಸ್ತಕ ಇಟ್ಟಳು. ಅವನು ಕೋಡಿನ ಮೇಲೆ ಬೆರಳಾಡಿಸಿ, “ಇದೇನವ್ವ, ಟೀ ಅಂಗ್ಡಿ ಇಕ್ತೀಯಾ?” ಎಂದು ನಕ್ಕ. ನಗು ಕೆಮ್ಮಾಯಿತು. ಪ್ರತಿ ಪುಟಕ್ಕೂ ನಿನ್ನ ದನಿ ಬೇಕು ಎಂದು ಅವಳು ತಡವರಿಸಿದಳು. ಯಾಕೆ ಎಂದು ಅವನು ಕೇಳಿದ. ಅವಳು ಪುಸ್ತಕದ ಅಂಚು ಸರಿಮಾಡತೊಡಗಿದಳು.

ಅವನ ಮುಖದ ನಗು ಇಳಿಯಿತು. “ವಾಪಸ್ ಬರಾಕಿಲ್ವಾ ನಾನು?”

ತನ್ನ ಮೌನ ಅಪ್ಪನನ್ನು ಎಲ್ಲಿಗೆ ಮುಟ್ಟಿಸಿತು ಎಂದು ಅವಳಿಗೆ ಆಗ ಹೊಳೆಯಿತು. “ನೀನು ಬತ್ತೀಯ ಕಣಪ್ಪ. ದನಿ ಬರಲ್ಲ.”

ಅವನು ಅಂಗಳದಲ್ಲಿ ಒರಗಿಸಿದ್ದ ಹಾರೆಯ ಕಡೆ ನೋಡಿದ. ನಾಳೆ ಬಸ್ಸು ಹತ್ತುವುದಿಲ್ಲ ಎಂದುಬಿಡುತ್ತಾನೆಂದು ನಯನ ಹೆದರಿದಳು. ಅವನು ಚೊಂಬಿನ ಪುಟ ಮಗುಚಿದ.

“ನೀರು ಕೈಯಾಗೆ ಕೇಳ್ತೀನಿ, ಬುಡು. ಕೈಯಾಗೆ ಆಗ್ದೇ ಇರೋದ್ನ ತುಂಬ್ಕೊ. ನಿಮ್ಮವ್ವ ನೋಡ್ದೆ ಮಟ್ಟೆ ರಾಶಿಗೆ ಕೈ ಹಾಕ್ತಾಳೆ. ಹಾವು ಕಂಡ್ರೆ ನಾನೆಂಗೆ ಕೂಗ್ಲಿ?”

ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. ಭೈರಮ್ಮನ ಫೋಟೊ ಇದ್ದ ಪುಟಕ್ಕೆ ಅವನು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, “ನಿಲ್ಲೇ ಭೈರೀ, ಕೈ ಹಾಕ್ಬ್ಯಾಡ” ಎಂದು ಕೂಗಿದ. ಗಂಟಲ ನರ ಉಬ್ಬಿದವು. ಸಾಕು ಎನ್ನಲು ಅವಳಿಗೆ ಧೈರ್ಯ ಬರಲಿಲ್ಲ. ದನಿಯನ್ನು ಕೋಡಿಗೆ ಸೇರಿಸಿ ಮೊಬೈಲು ಅವನ ಕೈಗಿತ್ತಳು.

ಅಷ್ಟರಲ್ಲಿ ಭೈರಮ್ಮ, ಏನು ಕೂಗಾಟವೆಂದು ಗೊಣಗುತ್ತ, ಒಲೆಗೆ ಮಟ್ಟೆ ತರಲು ಬುಟ್ಟಿ ಹಿಡಿದು ಹಿತ್ತಲಿನಿಂದ ಬಂದಳು. ಸಣ್ಣತಿಮ್ಮಯ್ಯ ತುಟಿ ಬಿಗಿದು ಪುಸ್ತಕ ತೆರೆದ. ಎರಡು ಪುಟ ಒಟ್ಟಿಗೆ ಮಗುಚಿದವು. ಹಿಂದಕ್ಕೆ ತಿರುಗಿಸಿದ. ಕೋಡು ಮೊಬೈಲಿಗೆ ಸಿಕ್ಕಲಿಲ್ಲ. ಮತ್ತೆ ಹಿಡಿದ. “ನಿಲ್ಲೇ ಭೈರೀ” ಎಂದು ಪುಸ್ತಕ ಕೂಗುವ ಹೊತ್ತಿಗೆ ಅವಳ ಕೈ ಮೊಣಕೈವರೆಗೆ ಅಂಗಳದ ಮಟ್ಟೆ ರಾಶಿಯೊಳಗಿತ್ತು.

ಅವಳು ತಲೆಯೆತ್ತಿ ಗಂಡನನ್ನು ನೋಡಿದಳು, ಮಗಳನ್ನು ನೋಡಿದಳು. ರಾಶಿಯಲ್ಲಿ ಏನೂ ಇರಲಿಲ್ಲ. ಅವನು ಬಾಯಿ ತೆರೆಯದೆ, ಹಿತ್ತಲಿಗೆ ಹೋಗಿ ಮತ್ತೆ ಬಾ ಎಂದು ಹೆಂಡತಿಗೆ ಕೈ ಮಾಡಿ, ಈ ಸಲ ತಡವಾಗದಂತೆ ಭೈರಮ್ಮನ ಪುಟದಲ್ಲಿ ಬೆರಳಿಟ್ಟು ಪುಸ್ತಕ ಮುಚ್ಚಿಕೊಂಡು ಕೂತ.