ಸೇದದ ಪೈಪು

ನನ್ನ ಅಣ್ಣ ಬೀಡಿ, ಸಿಗರೇಟು ಮುಟ್ಟಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಹೋದಾಗಿನಿಂದ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ, ನಂಬಿದವರು ಕಡಿಮೆ.

ಅವನಿಗೆ ಪೈಪುಗಳ ಹುಚ್ಚಿತ್ತು. ಅವೆನ್ಯೂ ರಸ್ತೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಊರಿನವರಿಗೆಲ್ಲ ಕಾರ್ಡು ತೋರಿಸುತ್ತಾ ತಾನು ಮದುವೆಯಾಗುವುದನ್ನೇ ಮರೆತವನು, ಮನಸ್ಸನ್ನೆಲ್ಲ ಹೊರದೇಶದ ತಂಬಾಕು ಪೈಪುಗಳಿಗೆ ಕೊಟ್ಟ. ಎಲ್ಲ ಪೈಪೂ ಆಗುತ್ತಿರಲಿಲ್ಲ. ಪೈಪು ಮಾಡುವ ಯಾವುದೋ ಮನೆತನಕ್ಕೆ ನೂರು ವರ್ಷ ತುಂಬಿದರೆ ಅದರ ನೆನಪಿಗೆ ಕೆಲವೇ ಕೆಲವು ಮಾಡಿ, ಒಂದೊಂದರ ಅಡಿಯಲ್ಲೂ ಬೇರೆ ಬೇರೆ ನಂಬರು ಕೊರೆದು, ಇನ್ನು ಇಂಥದ್ದು ಮಾಡುವುದಿಲ್ಲ ಎನ್ನುತ್ತಾರಂತೆ. ಅವನಿಗೆ ಅಂಥವೇ ಬೇಕು.

“ಈ ನಂಬರಿಂದು ಪ್ರಪಂಚದಲ್ಲಿ ಇನ್ನೊಂದಿಲ್ಲ ಕಣೇ.”

“ನಿನ್ನಂಥವನೂ ಇನ್ನೊಬ್ಬನಿಲ್ಲ. ಅದಕ್ಕೇ ಹೆಣ್ಣು ಸಿಗ್ಲಿಲ್ಲ” ಎನ್ನುತ್ತಿದ್ದೆ. ಅವನು ನಗುತ್ತಿದ್ದ.

ಹಾಗೆ ನೂರು ವರ್ಷದ ನೆನಪಿಗೆ ಮಾಡಿದ ಒಂದು ಪೈಪು ಅವನ ಪ್ರಾಣ. ಯಾವುದೋ ಗಿಡದ ಬೇರನ್ನು ಕಡೆದು ಮಾಡಿದ್ದು, ಕತ್ತಿನಲ್ಲೊಂದು ಬೆಳ್ಳಿಯ ಉಂಗುರ. ಭಾನುವಾರ ಚಾಮರಾಜಪೇಟೆಯ ನಮ್ಮ ಮನೆಯ ಕಿಟಕಿ ಹತ್ತಿರ ಕೂತು ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಮೂಸಿ, ಗಾಜಿನ ಬೀರುವಿಗೆ ವಾಪಸು ಇಡುತ್ತಿದ್ದ. ಅಷ್ಟೇ ಅವನ ಸುಖ. ಒಂದು ಸಲ ಕಡ್ಡಿ ಗೀರಿದರೆ ಅದು ಎಲ್ಲ ಪೈಪುಗಳ ಹಾಗೆ ಇನ್ನೊಂದು ಪೈಪು, ಗೀರದೆ ಇದ್ದರೆ ಮಾತ್ರ ಅದು ಅದೇ ಎನ್ನುತ್ತಿದ್ದ. ಈ ಮಾತು ಅರ್ಥವಾಗುತ್ತಿದ್ದದ್ದು ಮಲ್ಲೇಶ್ವರದ ಅವನ ಗೆಳೆಯರಿಗೆ ಮಾತ್ರ. ಅವರು ನಿವೃತ್ತ ಮೇಷ್ಟ್ರು, ಇವನಷ್ಟೇ ಹುಚ್ಚರು. ಆ ಪೈಪಿನ ಮೇಲೆ ಅವರಿಗೆ ಬಹಳ ವರ್ಷದ ಕಣ್ಣು.

ಅಂಥವನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಸೇದುತ್ತೀರಾ ಎಂದು. ನೋಡಲು ಬಂದ ನೆಂಟರು ಬೀರುವಿನ ಕಡೆ ಒಮ್ಮೆ, ಒಬ್ಬರ ಮುಖ ಒಬ್ಬರು ಒಮ್ಮೆ ನೋಡುತ್ತಿದ್ದರು. ಮಾಡಿದ್ದುಣ್ಣುತ್ತಾನೆ ಎಂಬ ಆ ನೋಟಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಪೈಪು ತೆಗೆದು ಅದರ ಬಟ್ಟಲನ್ನು ಅವರ ಮೂಗಿಗೇ ಹಿಡಿಯುತ್ತಿದ್ದೆ. “ಮೂಸಿ ನೋಡಿ. ಮರದ ವಾಸನೆ ಬಿಟ್ರೆ ಇನ್ನೇನಾದ್ರೂ ಬರತ್ತಾ?”

ಕೊನೆಯ ದಿನಗಳಲ್ಲಿ ಅಣ್ಣ ಉಳಿದ ಪೈಪುಗಳನ್ನೆಲ್ಲ ಮೇಷ್ಟ್ರಿಗೆ ಕೊಟ್ಟ. ಇದೊಂದನ್ನು ಮಾತ್ರ ತಾನು ಹೋದ ಮೇಲೆ ಕೊಡು ಎಂದ. ಹೋದವರ ವಸ್ತು ಮೊದಲ ಹಿರಿಯರ ಹಬ್ಬ ಆಗುವ ತನಕ ಹೊಸಿಲು ದಾಟಬಾರದು ಎಂಬುದು ನಮ್ಮ ದೊಡ್ಡಮ್ಮನ ಕಟ್ಟಳೆ. ಅಮ್ಮ ಸತ್ತ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳು. ಅದಕ್ಕೇ ಅಣ್ಣ ತೀರಿಕೊಂಡಾಗ, ಹಬ್ಬ ಮುಗಿದ ಮೇಲೆ ಬರಲು ಮೇಷ್ಟ್ರಿಗೆ ಹೇಳಿದೆ.

ಮಹಾಲಯ ಅಮಾವಾಸ್ಯೆಯ ಸಂಜೆ ಅಣ್ಣನ ಫೋಟೋ ಮುಂದೆ ಎಡೆ ಇಟ್ಟೆವು. ಅವನು ಇಷ್ಟಪಡುತ್ತಿದ್ದ ಮಟನ್ ಸಾರು, ವಡೆ, ಎಳ್ಳುಂಡೆ. ನಾನು ಪಾಯಸ ತರಲು ಒಳಗೆ ಹೋಗಿದ್ದೆ. ತಂಬಾಕಿನ ಘಾಟು ಬಂತು. ಓಡಿ ಬಂದರೆ, ಎಲೆಯ ಪಕ್ಕದಲ್ಲಿ ಆ ಪೈಪು ಹೊಗೆಯಾಡುತ್ತಿದೆ. ದೊಡ್ಡಮ್ಮ ಬೀಡಿ ತರಿಸಿ, ಬಿಡಿಸಿ, ಅದರ ಹೊಗೆಸೊಪ್ಪನ್ನು ಪೈಪಿಗೆ ತುಂಬಿ, ಮೇಲೆ ಸಾಂಬ್ರಾಣಿಯ ಕೆಂಡ ಇಟ್ಟಿದ್ದಳು.

“ದೊಡ್ಡಮ್ಮಾ!”

“ಕೂಗ್ಬ್ಯಾಡ ಕಣೆ, ಬರೋನು ಬೆದರ್ತಾನೆ. ನನ್ ಮುಂದೆ ಒಂದಿನಾನೂ ಸೇದ್ಲಿಲ್ಲ ನನ್ ಮಗ, ಅಷ್ಟು ಮರ್ವಾದೆ. ಈಗಾದ್ರೂ ನೆಮ್ಮದಿಯಾಗಿ ಸೇದ್ಲಿ.”

ನಮ್ಮ ಕಡೆ ಗಂಡಸರು ಹಿರಿಯರೆದುರು ಸೇದುವುದಿಲ್ಲ, ಮರೆಯಲ್ಲಿ ಸೇದುತ್ತಾರೆ. ಅಣ್ಣ ಸೇದದೇ ಇದ್ದದ್ದನ್ನು ದೊಡ್ಡಮ್ಮ ಇಷ್ಟು ವರ್ಷವೂ ಮರ್ಯಾದೆ ಎಂದುಕೊಂಡಿದ್ದಳು. ನನಗೆ ಕೋಪ ನೆತ್ತಿಗೇರಿತ್ತು, ಆದರೆ ಅವಳ ಕಣ್ಣಲ್ಲಿ ನೀರು ನೋಡಿ, ಒಳಗಿಂದ ಪಾಯಸ ತಂದು ಎಲೆಗೆ ಬಡಿಸಿದೆ. ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ಕೂತೆವು. ತೆರೆದಾಗ ಪೈಪಿನಲ್ಲಿದ್ದದ್ದೆಲ್ಲ ಬೂದಿಯಾಗಿತ್ತು.

ಹಬ್ಬ ಮುಗಿದು ಎರಡು ದಿನಕ್ಕೆ ಮೇಷ್ಟ್ರು ಬಂದರು. ನಾನು ಪೈಪನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಮೇಲಕ್ಕೇರಿಸಿ ಬಟ್ಟಲೊಳಗೆ ನೋಡಿದರು. ಅಂಚು ಕರಕಲಾಗಿತ್ತು, ಒಳಗೆಲ್ಲ ಮಸಿ. ಅವರ ಮುಖ ಬಾಡಿತು.

ದೊಡ್ಡಮ್ಮ ಕೂತಲ್ಲಿಂದಲೇ ಕೇಳಿದಳು. “ನೋಡುದ್ರಾ ಸ್ವಾಮಿ? ಹಬ್ಬದ ದಿನ ಬಂದು ಪೂರ್ತಿ ಸೇದವ್ನೆ. ಚೂರೂ ಉಳುಸಿಲ್ಲ.”

ಮೇಷ್ಟ್ರು ಅವಳನ್ನು ನೋಡಿದರು, ಆಮೇಲೆ ನನ್ನನ್ನು.

“ಹೌದಮ್ಮ. ಪೂರ್ತಿ ಸೇದಿದ್ದಾರೆ.” ಪೈಪನ್ನು ಕರ್ಚೀಫಿನಲ್ಲಿ ಒರೆಸಿ ನನ್ನ ಕೈಗೆ ವಾಪಸು ಕೊಟ್ಟರು. “ಇದು ಇಲ್ಲೇ ಇರ್ಲಿ. ಮುಂದಿನ ವರ್ಷದ ಎಡೆಗೆ ಬೇಕಾಗುತ್ತಲ್ಲ.”

ಗೇಟಿನ ತನಕ ಹೋಗಿ ಬಿಟ್ಟುಬಂದೆ. ಪೈಪನ್ನು ಮತ್ತೆ ಬೀರುವಿನಲ್ಲಿಟ್ಟೆ.

ಮೊನ್ನೆ ತ್ಯಾಗರಾಜನಗರದ ನೆಂಟರೊಬ್ಬರು ಬಂದಿದ್ದರು. ಬೀರು ತೆರೆದು, ಪೈಪಿನೊಳಗೆ ಇಣುಕಿ, “ಜಾಸ್ತಿ ಸೇದ್ತಿದ್ರು ಅನ್ಸತ್ತೆ, ಅಲ್ವಾ?” ಎಂದರು.

ದೊಡ್ಡಮ್ಮ ಪಕ್ಕದಲ್ಲೇ ಕೂತಿದ್ದಳು. ನಾನು ಹೂಂ ಅಂದೆ.