ದೇವತೆಯ ಬಟ್ಟೆಗೆ ಗಾಳಿ ಹಾಕುವ ಸುಲಾನ್ ಚಿಕ್ಕಮ್ಮ

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು, ಪದಗಳೂ ಕಡಿಮೆ. ತಪ್ಪಾಗಬಾರದೆಂದು ಒಂದೊಂದು ಸಾಲನ್ನೂ ಮತ್ತೆ ಮತ್ತೆ ಓದಿ ಬರೆದಿದ್ದೇನೆ.

ಚೂ ಸುಲಾನ್ ಚಿಕ್ಕಮ್ಮ ನನಗೆ ಕೆಲಸ ಕಲಿಸಿದವರು. ಚೀನಾದ ಚೆಂಗ್ಡುವಿನ ನಮ್ಮ ಅನಿಮೇಷನ್ ಸ್ಟುಡಿಯೋದಲ್ಲಿ ಪಾತ್ರಗಳ ಬಟ್ಟೆ ಅಲುಗಾಡಿಸುವುದು ಅವರ ಕೆಲಸ; ಗಾಳಿ ಹಾಕುವುದು ಎನ್ನುತ್ತೇವೆ ಅದಕ್ಕೆ. ನಾವು ಮಾಡುವುದು ದೇವರು, ಮನುಷ್ಯರ ಧಾರಾವಾಹಿ, ವಾರಕ್ಕೊಂದು ಕಂತು. ದೇವರು ಬಾಗಿಲು ಹಾಕಿದ ಕೋಣೆಯಲ್ಲಿ ನಿಂತರೂ ಅವರ ನಿಲುವಂಗಿಯ ತೋಳು ತೇಲುತ್ತಿರಬೇಕು. ಮನುಷ್ಯರ ಬಟ್ಟೆ ಸುಮ್ಮನೆ ಜೋತುಬಿದ್ದಿದ್ದರೆ ಸಾಕು. ನಮ್ಮಲ್ಲಿ ಎಲ್ಲರೂ ಪಾಲಿಸುವ ಪದ್ಧತಿ ಇದು.

ಹರೆಯದಲ್ಲಿ ಚಿಕ್ಕಮ್ಮ ಬೇರೊಂದು ಸ್ಟುಡಿಯೋದಲ್ಲಿ ಪಾರದರ್ಶಕ ಹಾಳೆಗಳ ಮೇಲಿನ ಚಿತ್ರಗಳಿಗೆ ಕುಂಚದಿಂದ ಬಣ್ಣ ತುಂಬುತ್ತಿದ್ದರಂತೆ. ಆ ಸ್ಟುಡಿಯೋ ಮುಚ್ಚಿದ ಮೇಲೆ ಅಂಗಡಿಯೊಂದರಲ್ಲಿ ಕಿಟಕಿ ಪರದೆ ಹೊಲಿದರು. ಆಮೇಲೆ ಕಂಪ್ಯೂಟರ್ ಕಲಿತರು. ಈಗ ಮಣಿಕಟ್ಟಿಗೆ ನೋವಿನ ಪಟ್ಟಿ ಅಂಟಿಸಿಕೊಂಡೇ ಕೂರುತ್ತಾರೆ. ಊಟವಾದ ಮೇಲೆ ಎಲ್ಲರೂ ಮೇಜಿನ ಮೇಲೆ ತಲೆಯಿಟ್ಟು ಮಲಗುವಾಗ ಅವರಿಗೆ ಮಾತ್ರ ನಿದ್ದೆ ಬರುವುದಿಲ್ಲ. "ಕಣ್ಣು ಮುಚ್ಚಿದ್ರೂ ಬಟ್ಟೆ ಹಾರ್ತಾನೇ ಇರುತ್ತೆ ಕಣೇ," ಎನ್ನುತ್ತಾರೆ.

ಈ ವಾರದ ಕಂತಿನಲ್ಲಿ ದೇವತೆಯೊಬ್ಬಳು ದೈವತ್ವ ಬಿಟ್ಟುಕೊಟ್ಟು ಸಂತೆಗೆ ಇಳಿಯುತ್ತಾಳೆ. ತೋಫು ಮಾರುವವನ ಕೈಯಿಂದ ಬಿಸಿ ಸಾರಿನ ಬಟ್ಟಲು ತೆಗೆದುಕೊಳ್ಳುತ್ತಾಳೆ. ಚಿಕ್ಕಮ್ಮ ಅಲ್ಲಿ ಗಾಳಿ ನಿಲ್ಲಿಸಿದರು. ತೋಳು ಜೋತುಬಿದ್ದು ಅದರ ಅಂಚು ಸಾರಿನಲ್ಲಿ ಮುಳುಗಿತು. ಅಷ್ಟೇ.

ಕಂತು ಎಲ್ಲರಿಗೂ ಬಿಡುಗಡೆಯಾಗುವ ಮೊದಲು ಹಣ ಕಟ್ಟಿದ ಚಂದಾದಾರರು ನೋಡಿದರು. ನೋಡುವವರು ಬರೆದದ್ದೆಲ್ಲ ಚಿತ್ರದ ಮೇಲೆಯೇ ಓಡುತ್ತದೆ. ತೋಳು ಜೋತುಬಿದ್ದ ಕೂಡಲೇ ದೇವತೆಯ ಮುಖವೇ ಮುಚ್ಚಿಹೋಗುವಷ್ಟು ಸಾಲುಗಳು ಬಂದವು. "ಫ್ಯಾನಿನ ಕರೆಂಟ್ ಬಿಲ್ ಕಟ್ಟಿಲ್ವಾ?" "ದೇವಿ, ತೋಳು ಮಡಚಿಕೊಂಡು ಊಟ ಮಾಡಿ."

ತಂಡದ ಮುಖ್ಯಸ್ಥ ಪಾಂಗ್ ಬಂದರು. ನಿದ್ದೆಗೆಟ್ಟು ಅವರ ಕಣ್ಣುಗಳು ಕೆಂಪಾಗಿದ್ದವು.

"ಅಕ್ಕ, ಗಾಳಿ ಹಾಕಿಬಿಡಿ. ಏನೋ ಕೆಟ್ಟುಹೋಗಿದೆ ಅಂದ್ಕೊಂಡಿದ್ದಾರೆ ಜನ."

"ಅವಳು ಈಗ ದೇವರಲ್ಲ ಪಾಂಗ್. ಗಾಳಿ ಎಲ್ಲಿಂದ ಬರ್ಬೇಕು?"

"ನನಗೆ ಗೊತ್ತು. ಮೇಲಿನವರಿಗೆ ಯಾರು ಹೇಳೋದು?"

"ನೀನು ಹೇಳು. ಅದಕ್ಕೇ ತಾನೇ ನಿನಗೆ ಬೇರೆ ಕೋಣೆ ಕೊಟ್ಟಿರೋದು?"

"ಆ ಕೋಣೇಲಿ ಕಿಟಕಿನೂ ಇಲ್ಲ ಅಕ್ಕ." ಪಾಂಗ್ ಕುರ್ಚಿ ಎಳೆದುಕೊಂಡು ಕೂತರು.

"ನಾನು ಹಾಕಲ್ಲ," ಎಂದರು ಚಿಕ್ಕಮ್ಮ. "ಇಷ್ಟು ವರ್ಷ ಅವರು ಹಾರಿಸು ಅಂದದ್ದನ್ನೆಲ್ಲ ಹಾರಿಸಿದೀನಿ. ಇದೊಂದು ಬಿಟ್ಬಿಡು."

ಪಾಂಗ್ ಎದ್ದು, ಅವರ ಮುಖ ನೋಡದೆ, ಆ ದೃಶ್ಯವನ್ನು ನನ್ನ ಕಂಪ್ಯೂಟರಿಗೆ ಕಳಿಸಿದರು. ನಾಳೆ ಮಧ್ಯಾಹ್ನದೊಳಗೆ ಗಾಳಿ ಹಾಕಿ ಕೊಡಬೇಕಂತೆ.

ಚಿಕ್ಕಮ್ಮ ಕಿತ್ತಳೆ ಸುಲಿದು ನನಗೆ ಅರ್ಧ ಕೊಟ್ಟರು. "ಹಾಕಿಬಿಡು ಮಗಳೇ. ಶಾಲೆ ಮುಗಿಸಿಲ್ಲ ನೀನು, ಬೇರೆ ಕಡೆ ಯಾರು ಕೆಲಸ ಕೊಡ್ತಾರೆ? ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದವರು ತಮ್ಮ ಪಾಲಿನ ಹಣ್ಣನ್ನು ತಿನ್ನಲೇ ಇಲ್ಲ. ಸಂಜೆಯವರೆಗೂ ಕಂಪ್ಯೂಟರನ್ನೂ ಮುಟ್ಟಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ನಾನು ಆ ದೃಶ್ಯವನ್ನು ತೆರೆದು ನೋಡಿದೆ. ಒದ್ದೆಯಾದ ಅಂಚು ಒಣ ಬಟ್ಟೆಗಿಂತ ಭಾರವಾಗಿ ತೂಗುತ್ತದೆ. ಅದನ್ನು ಹಾಗೆ ಮಾಡಲು ನನಗೆ ಇನ್ನೂ ಬರುವುದಿಲ್ಲ. ಜನರೆದುರು ಮಾತಾಡಲೂ ಬರುವುದಿಲ್ಲ. ಆದರೂ ನಾಳೆ ಬೆಳಿಗ್ಗೆ ಪಾಂಗ್ ಅವರ ಕೋಣೆಗೆ ಹೋಗಿ, ನಾನೂ ಗಾಳಿ ಹಾಕುವುದಿಲ್ಲ ಎಂದು ಹೇಳುತ್ತೇನೆ.